ಬಾಣಂತಿ ನೀರು ಮತ್ತು ಗ್ಯಾಸ್ ಗೀಸರ್

"ಅಮ್ಮಾ, ಈ ವೆಂಟಿಲೇಟರ್‌ಗೆ ಬಟ್ಟೆ ತುರುಕಿದೋರು ಯಾರು?"

ಗೀಸರ್ ರಿಪೇರಿಗೆ ಬಂದ ಮಾದೇಶ ಬಚ್ಚಲುಮನೆಯಿಂದಲೇ ಕೂಗಿದ. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ತುರುಕು ಎಂದವಳು ಅವಳು. ಸ್ಟೂಲ್ ಹತ್ತಿ, ನಮ್ಮ ಮನೆಯವರ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಒಂದೆಳೆ ಬೆಳಕೂ ಬರದಂತೆ ತುರುಕಿದವಳು ನಾನು. (ಹೈಸ್ಕೂಲಿನಲ್ಲಿ ಜೀವನಪೂರ್ತಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದ ನಾನೇ. ನಗಬೇಡಿ.)

ಮೊದಲಿನಿಂದ ಹೇಳಿಬಿಡುತ್ತೇನೆ. ಮಗಳು ಚೈತ್ರ ನಂಜನಗೂಡಿನ ಅತ್ತೆಮನೆಯಿಂದ ಹೆರಿಗೆಗೆಂದು ತಿ. ನರಸೀಪುರಕ್ಕೆ, ನಮ್ಮ ಮನೆಗೆ ಬಂದಿದ್ದಾಳೆ. ಹೆಣ್ಣು ಕೂಸು. ಬಾಣಂತನ ನನ್ನೊಬ್ಬಳ ಕೈಲಾಗುವ ಕೆಲಸವಲ್ಲ ಎಂದು ಮೂಗೂರಿನಿಂದ ಅಕ್ಕನನ್ನು ಕರೆಸಿಕೊಂಡೆ. ಬಾಣಂತಿಗೆ ನೀರು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಹಂಡೆಗಟ್ಟಲೆ ಬಿಸಿನೀರನ್ನು ಸೊಂಟಕ್ಕೆ ಬಡಿದು ಬಡಿದು ಹಾಕುತ್ತಾಳೆ. ಅವಳ ಮೂವರು ಸೊಸೆಯರೂ ಆ ನೀರಿನ ಹೊಡೆತ ತಡೆದುಕೊಂಡವರೇ.

ಬಂದ ದಿನವೇ ಬಚ್ಚಲಿನ ಇನ್‌ಸ್ಪೆಕ್ಷನ್ ಆಯಿತು.

"ಅಯ್ಯೋ, ಇಷ್ಟ್ ದೊಡ್ಡ ಕಿಂಡಿ ಬುಟ್ಕೊಂಡು ಬಾಣಂತಿಗೆ ನೀರುಯ್ಯೋದಾ? ಗಾಳಿ ಒಳಿಕ್ ಬಂದ್ರೆ ಸನ್ನಿ ಇಡೀತದೆ ಕಣೇ. ಮುಚ್ಚು ಮೊದ್ಲು."

ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ಒತ್ತಿದೆವು. ಗೀಸರ್ ಇರುವುದು ಅದೇ ಬಚ್ಚಲಿನ ಗೋಡೆಯ ಮೇಲೆ. ಸೌದೆ ಒಲೆ ತೆಗೆಸಿ ಅದನ್ನು ಹಾಕಿಸಿ ಐದು ವರ್ಷವಾಯಿತು. ಒಂದು ಸಲವಾದರೂ ಸರ್ವೀಸ್ ಮಾಡಿಸಿದ್ದೇವೆಯೇ? ಸ್ಕೂಟರಿಗೆ ಮಾಡಿಸುತ್ತೇವೆ, ಕುಡಿಯುವ ನೀರಿನ ಫಿಲ್ಟರಿಗೆ ಮಾಡಿಸುತ್ತೇವೆ. ಗೀಸರ್ ಬಿಸಿನೀರು ಕೊಡುತ್ತಿದೆಯಲ್ಲ, ಅದರ ತಂಟೆ ಯಾಕೆ?

ಎರಡನೇ ದಿನ ನೀರು ಹಾಕಿಸಿಕೊಂಡು ಬಂದ ಚೈತ್ರ ಹಣೆ ಒತ್ತಿಕೊಂಡಳು. "ಅಮ್ಮ, ತಲೆ ಸಿಡೀತಿದೆ." ಬಾಣಂತಿಗೆ ನಿದ್ದೆಯಿಲ್ಲ, ಇದ್ದದ್ದೇ ಎಂದೆ. ಮೂರನೇ ದಿನ ತಲೆನೋವಿನ ಜೊತೆ ವಾಕರಿಕೆ. ಅಕ್ಕ ದೃಷ್ಟಿ ತೆಗೆದಳು. (ಮೆಣಸಿನಕಾಯಿ ಘಾಟೇ ಬರಲಿಲ್ಲ, ಭಾರೀ ದೃಷ್ಟಿಯಂತೆ.) ನಾಲ್ಕನೇ ದಿನ ಮಣೆಯಿಂದ ಎದ್ದವಳು ಗೋಡೆ ಹಿಡಿದು ನಿಂತಳು. ಕಾಲಲ್ಲಿ ಶಕ್ತಿಯೇ ಇಲ್ಲ ಎಂದಳು. ಅಕ್ಕನಿಗೆ ಕಾರಣ ಸ್ಪಷ್ಟವಾಗಿತ್ತು.

"ಗಾಳಿ ಎಲ್ಲೋ ನುಗ್ತಾ ಅದೆ. ಇನ್ನೊಂದ್ ಬಟ್ಟೆ ತತ್ತಾ."

ಇನ್ನೊಂದು ಬಟ್ಟೆ ತಂದುಕೊಟ್ಟೆ. ಅಲ್ಲ ಕಣ್ರೀ, ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು?

ಐದನೇ ದಿನ ಗೀಸರ್ ತಕರಾರು ತೆಗೆಯಿತು. ಉರಿ ಹಳದಿಯಾಗಿ ಅಲ್ಲಾಡುತ್ತಿತ್ತು. ನೀರು ಬರೀ ಉಗುರುಬೆಚ್ಚಗೆ. "ಈ ನೀರ್ನಲ್ಲಿ ಬಾಣಂತನ ಮಾಡಕ್ಕಾದದಾ?" ಎಂದು ಅಕ್ಕ ಚೊಂಬು ಕುಕ್ಕಿದಳು. ಅವಳಿಗೆ ಅವಸರವಿತ್ತು. ಕೂಸಿನ ಹೊಕ್ಕುಳಬಳ್ಳಿ ಬಿದ್ದಿತ್ತು. ಅದುವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆವು. ಮಾರನೆಯ ದಿನದಿಂದ ಕೂಸನ್ನೂ ಆ ಬಚ್ಚಲಲ್ಲೇ ಕಾಲ ಮೇಲೆ ಹಾಕಿಕೊಂಡು ಎರೆಯುವುದೆಂದು ಅವಳು ತೀರ್ಮಾನಿಸಿದ್ದಳು. ಕೂಡಲೇ ಮಾದೇಶನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದ.

ಬಟ್ಟೆ ತುರುಕಿದವರು ಯಾರೆಂದು ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಸಿಲಿಂಡರ್ ಹತ್ತಿರ ಹೋಗಿ ರೆಗ್ಯುಲೇಟರ್ ಆಫ್ ಮಾಡಿದ. ಪಂಚೆ ಕಿತ್ತು, ಬಾಗಿಲು ಅಗಲಕ್ಕೆ ತೆರೆದ. ಆಮೇಲೆ, ಒಳಗೆ ಸ್ನಾನ ಮಾಡಿದವರಿಗೆ ತಲೆನೋವು, ತಲೆಸುತ್ತು ಏನಾದರೂ ಬರುತ್ತಿತ್ತೇ ಎಂದು ವಿಚಾರಿಸಿದ. ಚೈತ್ರಳ ಮೂರು ದಿನದ ಕಥೆಯನ್ನು ಹೇಳಿದೆ.

"ಗಾಳಿ ಸಾಲ್ದೆ ಗ್ಯಾಸ್ ಉರುದ್ರೆ ವಿಷದ್ ಗಾಳಿ ಆಯ್ತದೆ ಅಮ್ಮಾ. ವಾಸ್ನೆ ಇಲ್ಲ, ಕಣ್ಗೂ ಕಾಣಲ್ಲ. ಕುಂತೋರು ಕುಂತಂಗೇ ಹೋಗ್ಬುಡ್ತರೆ. ಮೊದ್ಲು ಅವ್ರನ್ನ ಆಸ್ಪತ್ರೆಗೆ ಕರ್ಕೊಂಡೋಗಿ. ಇದನ್ನ ಆಮೇಲ್ ನೋಡಣ."

ಕಾರ್ಬನ್ ಮಾನಾಕ್ಸೈಡ್. ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ! ಮಕ್ಕಳಿಗೆ ಎರಡು ಮಾರ್ಕ್ಸ್ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿದ್ದೇನೆ.

ಆಗ ಅಕ್ಕ ಬಾಯಿಬಿಟ್ಟಳು. "ನಂಗೂ ತಲೆ ಗಿಮ್ಮಂತಿತ್ತು ಕಣೇ. ವಯಸ್ಸಾಯ್ತಲ್ಲ ಅನ್ಕೊಂಡಿದ್ದೆ." ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ನನ್ನ ಮೇಲೆಯೇ.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಪರೀಕ್ಷೆ ಮಾಡಿ, ಸಂಜೆವರೆಗೂ ಇರಿಸಿಕೊಂಡು, ತೊಂದರೆಯಿಲ್ಲ ಎಂದು ಕಳಿಸಿದರು. ಆಟೋದಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾರನೆಯ ದಿನ ಮಾದೇಶ ಗೀಸರ್ ಬಿಚ್ಚಿದ. ಮೊದಲು ಕಿಡಿ ಹೊತ್ತಿಸುವ ಸೆಲ್ ತೆಗೆದಿಟ್ಟ. ಬರ್ನರಿನ ತುಂಬ ಜೇಡರ ಬಲೆ, ಮೇಲೆ ಬೆರಳು ದಪ್ಪ ಮಸಿ. ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ನೀರು ಬರುವ ಕಡೆಯ ಜಾಲರಿಯಲ್ಲಿ ಬೋರ್ ನೀರಿನ ಉಪ್ಪು ಕಟ್ಟಿಕೊಂಡಿತ್ತು. ಗ್ಯಾಸ್ ಪೈಪ್ ಬಿರುಕು ಬಿಟ್ಟಿತ್ತು, ಬದಲಾಯಿಸಿದ. ಸಂದುಗಳಿಗೆ ಸೋಪಿನ ನೊರೆ ಬಳಿದು, ಗುಳ್ಳೆ ಏಳುವುದಿಲ್ಲ ಎಂದು ನನ್ನ ಕಣ್ಣಿಗೇ ತೋರಿಸಿದ. ಇಷ್ಟೆಲ್ಲ ಆದರೂ ಅದನ್ನು ಬಚ್ಚಲೊಳಗೆ ಇಡಲು ಮಾತ್ರ ಒಪ್ಪಲಿಲ್ಲ. ಹಿತ್ತಲ ಗೋಡೆಗೆ, ತಾರಸಿಯ ಚಾಚಿನ ಕೆಳಗೆ ಹಾಕಿದ. ಈಗ ಒಳಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ.

"ಕೆಲ್ಸ ಮುಗುದ್ಮೇಲೆ ದಿನಾ ರೆಗ್ಯುಲೇಟರ್ ಆಫ್ ಮಾಡಿ. ವರ್ಸಕ್ಕೊಂದ್ಸಲ ನನ್ನ ಕರೀರಿ. ಉರಿ ನೀಲಿ ಬಣ್ಣ ಇಲ್ದಿದ್ರೆ ಮುಟ್ಲೇಬೇಡಿ," ಎಂದು ಹೇಳಿ ಹೋದ.

ಬಾಣಂತಿ ನೀರು ನಿಂತಿಲ್ಲ. ವೆಂಟಿಲೇಟರ್ ತೆರೆದೇ ಇದೆ. ಅಕ್ಕ ಅದನ್ನು ದಿನಕ್ಕೊಮ್ಮೆ ಅನುಮಾನದಿಂದ ನೋಡುತ್ತಾಳೆ. "ಕಿವೀಗ್ ಅತ್ತಿ ಇಟ್ಕೊ ಮಗ, ಅಷ್ಟ್ ಸಾಕು," ಎನ್ನುತ್ತಾಳೆ. ತಲೆನೋವು ಮತ್ತೆ ಬಂದಿಲ್ಲ.

ಮೊನ್ನೆ ಕೂಸಿಗೆ ಹಾಲು ಕುಡಿಸುತ್ತ ಚೈತ್ರ ಸುಮ್ಮನೆ ಕೇಳಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅಮ್ಮ, ನೀರು ಬಿಸಿ ಆಗ್ಲಿಲ್ಲ ಅಂತ ನೀನು ಅವತ್ತೇ ಫೋನ್ ಮಾಡ್ದೆ. ನಾನು ಮೂರು ದಿನದಿಂದ ತಲೆನೋವು ಅಂತ ಹೇಳ್ತಾನೇ ಇದ್ನಲ್ಲ?"

ಮಗಳ ಮಾತನ್ನು ನಂಬುವುದಕ್ಕೆ ನನಗೆ ಗೀಸರ್ ಕೆಡಬೇಕಾಯಿತೇ?