ಸಿಮೆಂಟಿನ ಬುದ್ಧನ ವಿಮರ್ಶೆ

ನಮ್ಮ ಕಲಾ ಪತ್ರಿಕೆ ಮೂರು ತಿಂಗಳಿಗೊಮ್ಮೆ ಹೊರಡುವುದು ಮಧುಗಿರಿಯ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಒಂದೇ ಕೋಣೆಯಿಂದ. ಸಂಪಾದಕರು ಚಿತ್ರಕಲಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನು ಅವರ ವಿದ್ಯಾರ್ಥಿನಿ, ಈಗ ಇದೇ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಶಾಲೆ ಬಿಟ್ಟ ಮೇಲೆ ಆ ಕೋಣೆಗೆ ಹೋಗಿ, ಬಂದ ಲೇಖನಗಳನ್ನು ತಿದ್ದುತ್ತೇನೆ, ನಾನೂ ಬರೆಯುತ್ತೇನೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ. ಕಲಿಸಿದವರು ಅಷ್ಟು ಕಟ್ಟುನಿಟ್ಟಾಗಿ ಕಲಿಸಿದ್ದಾರೆ. ‘ಅದ್ಭುತ’, ‘ಮನಮೋಹಕ’ ಎಂಬ ಪದಗಳು ಕಂಡರೆ ಸಾಕು, ಅವರು ಅಡ್ಡಗೀಟು ಎಳೆದುಬಿಡುತ್ತಾರೆ. “ನಿನಗೆ ಏನನ್ನಿಸ್ತು ಅನ್ನೋದು ಆಮೇಲೆ. ಅಲ್ಲಿ ಏನಿತ್ತು, ಅದನ್ನ ಮೊದಲು ಹೇಳು” ಎನ್ನುತ್ತಾರೆ.

ಆದರೆ ನಮ್ಮ ಪತ್ರಿಕೆಯ ತುಂಬ ಇದ್ದದ್ದು ಬೆಂಗಳೂರಿನ ಗ್ಯಾಲರಿಗಳ ಪ್ರದರ್ಶನಗಳೇ. ಸಿರಾದಲ್ಲೋ ಕೊರಟಗೆರೆಯಲ್ಲೋ ಕೂತು ಓದುವವರು ಆ ಚಿತ್ರಗಳನ್ನು ಕಂಡವರಲ್ಲ, ಕಾಣುವವರೂ ಅಲ್ಲ. ನಾನು ಬರೆದದ್ದನ್ನು ಸುಮ್ಮನೆ ನಂಬಬೇಕಿತ್ತು. ತಪ್ಪು ಎನ್ನಲು, ಜಗಳ ತೆಗೆಯಲು ಅವರಿಗೆ ದಾರಿಯೇ ಇರಲಿಲ್ಲ. ಇದು ನನ್ನನ್ನು ಕೊರೆಯುತ್ತಿತ್ತು.

ಆಗಲೇ ಚಿಕ್ಕಮ್ಮನ ಊರಿನಲ್ಲಿ ಬುದ್ಧನ ಪ್ರತಿಮೆ ಆಯಿತು. ಅಮ್ಮನ ತಂಗಿ ಅವರು. ಕಳ್ಳಂಬೆಳ್ಳದಿಂದ ಸ್ವಲ್ಪ ಒಳಗೆ, ಕೆರೆಯ ಹಿಂದಿನ ಹಳ್ಳಿ. ನಮ್ಮ ಕಡೆಯವರೆಲ್ಲ ಸೇರಿ ಸಮಿತಿ ಮಾಡಿಕೊಂಡು ಬುದ್ಧವಿಹಾರ ಕಟ್ಟಿದ್ದರು. ಚಿಕ್ಕಮ್ಮನೂ ಸಮಿತಿಯಲ್ಲಿದ್ದರು. ಪ್ರತಿಮೆ ಮಾಡಿದವರು ಪಾವಗಡದಿಂದಾಚೆ, ಆಂಧ್ರದ ಗಡಿಗೆ ಅಂಟಿದ ಊರಿನ ಶಿಲ್ಪಿ. ಇಟ್ಟಿಗೆ ಕಟ್ಟಿ, ಕಂಬಿ ಬಿಗಿದು, ಸಿಮೆಂಟು ಮೆತ್ತಿ ಮೂರ್ತಿ ಮಾಡುವುದು ಅವರ ಕಸುಬು.

ನಾನು ನೋಡಲು ಹೋದದ್ದು ನೆಂಟರ ಮನೆಯವಳಾಗಿ. ಆದರೆ ಪ್ರತಿಮೆಯ ಮುಂದೆ ನಿಂತವಳು ಅರ್ಧ ದಿನ ಅಲ್ಲಿಂದ ಕದಲಲಿಲ್ಲ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಆ ಕೈಗಳು ನನ್ನನ್ನು ಹಿಡಿದುಬಿಟ್ಟವು. ಅಗಲವಾದ ಅಂಗೈ, ಮೊಂಡು ಬೆರಳು, ಉಬ್ಬಿದ ಗೆಣ್ಣು. ಅಂಥ ಬುದ್ಧನ ಕೈಗಳನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಣ್ಣೆತ್ತಿದರೆ ಮುಖ ಬೇರೆಯೇ ಲೋಕದ್ದು: ಚೂಪು ಮೂಗು, ತೆಳು ತುಟಿ, ಕೆನ್ನೆಗೆ ಗುಲಾಬಿ ಬಣ್ಣ. ಮೈಗೆಲ್ಲ ಹೊಳೆಯುವ ಚಿನ್ನದ ಪೇಂಟು ಬಳಿದು, ಹೊದ್ದ ಚೀವರದ ಮಡಿಕೆಗಳೆಲ್ಲ ಆ ಹೊಳಪಿನಲ್ಲಿ ಮುಳುಗಿಹೋಗಿದ್ದವು.

ಇದನ್ನೇ ವಿಮರ್ಶೆ ಮಾಡುತ್ತೇನೆ ಎಂದಾಗ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮದು ಸಮಕಾಲೀನ ಕಲೆಯ ಪತ್ರಿಕೆ ಅಲ್ವೇನಮ್ಮ?”

“ಹೋದ ತಿಂಗಳು ಮಾಡಿದ್ದು ಸರ್. ಇದಕ್ಕಿಂತ ಸಮಕಾಲೀನ ಯಾವುದು?”

ಅವರು ನಕ್ಕರು. “ಬರಿ. ಆದರೆ ನೆಂಟರೂರು ಅಂತ ಮೆತ್ತಗೆ ಬರೀಬೇಡ.”

ಮೆತ್ತಗೆ ಬರೆಯಲಿಲ್ಲ. ಕೈಗಳ ಬಗ್ಗೆ ಒಂದು ಪುಟ ಬರೆದೆ. ಇವು ಕಡಲೇಕಾಯಿ ಹೊಲದಲ್ಲಿ ಕಳೆ ಕಿತ್ತ ಕೈಗಳು, ಈಗ ಕೆಲಸ ಮುಗಿಸಿ ಸುಮ್ಮನೆ ಕೂತಿವೆ, ಆ ಸುಮ್ಮನಿರುವಿಕೆಯೇ ಧ್ಯಾನವಾಗಿದೆ ಎಂದೆ. ಚಿನ್ನದ ಹೊಳಪು ಮಡಿಕೆಗಳನ್ನು ನುಂಗಿಹಾಕಿದೆ ಎಂದೂ ಹೇಳಿದೆ. ಆಮೇಲೆ ಹೀಗೆ ಬರೆದೆ: ‘ಈ ಬುದ್ಧನ ಕೈಗಳು ಕಳ್ಳಂಬೆಳ್ಳದವು, ಮುಖ ಕ್ಯಾಲೆಂಡರಿನದು.’

ಸಂಚಿಕೆ ಬಂದ ವಾರದಲ್ಲೇ ಚಿಕ್ಕಮ್ಮನ ಫೋನು ಬಂತು. ಅಂಗನವಾಡಿ ಟೀಚರು ಓದಿ ಹೇಳಿದ್ದರಂತೆ.

“ನಮ್ ಬುದ್ಧನ್ನ ಕ್ಯಾಲೆಂಡರು ಅಂತ ಬರ್ದ್ಬುಟ್ಟಿದ್ದೀಯಂತೆ. ಊರಾಗೆ ಎಲ್ರೂ ನನ್ನ ಮುಖ ನೋಡ್ತಾವ್ರೆ. ಅದೇನಂತ ಬಂದು ನೀನೇ ಹೇಳು ಕಣಮ್ಮ.”

ಭಾನುವಾರ ಹೋದೆ. ಬುದ್ಧವಂದನೆ ಮುಗಿದು ಎಲ್ಲರೂ ಪ್ರತಿಮೆಯ ಮುಂದೆ ಜಮಖಾನದ ಮೇಲೆ ಕೂತಿದ್ದರು. ಶಿಲ್ಪಿಯನ್ನೂ ಕರೆಸಿದ್ದರು. ನರೆತ ಮೀಸೆಯ ಗಟ್ಟಿ ಆಳು, ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದಿದ್ದರು. ಸಮಿತಿಯ ಅಧ್ಯಕ್ಷರು ನೇರವಾಗಿ ವಿಷಯಕ್ಕೆ ಬಂದರು.

“ನೀನು ನಮ್ ಹುಡುಗಿ. ಅದುಕ್ಕೇ ಕೇಳ್ತೀವಿ. ಮುಂದಿನ ಪುಸ್ತಕದಾಗೆ, ತಪ್ಪಾಯ್ತು ಅಂತ ಹಾಕ್ಬುಡು.”

“ಹಾಕಲ್ಲ ದೊಡ್ಡಪ್ಪ. ಕಂಡಿದ್ದನ್ನ ಬರ್ದಿದ್ದೀನಿ. ನೀವೂ ಇಲ್ಲೇ ಕೂತಿದ್ದೀರ, ನೋಡಿ. ಆ ಕೈಗೂ ಆ ಮುಖಕ್ಕೂ ಹೊಂದುತ್ತಾ?”

ಎಲ್ಲರ ತಲೆಯೂ ಪ್ರತಿಮೆಯ ಕಡೆ ತಿರುಗಿತು. ಆಗ ಶಿಲ್ಪಿ ಗಂಟಲು ಸರಿಮಾಡಿಕೊಂಡರು.

“ಮೇಡಂ, ನಾನು ಇಷ್ಟು ವರ್ಷ ಮೂರ್ತಿ ಮಾಡಿದೀನಿ. ಬಾಗುಂದಿ, ಬಾಗುಂದಿ ಅಂತಾರೆ, ಚೆನ್ನಾಗೈತೆ ಅಂತಾರೆ, ಹಾರ ಹಾಕ್ತಾರೆ, ಅಷ್ಟೇ. ಕೈ ಬಗ್ಗೆ ಇಷ್ಟು ಯಾರೂ ಬರ್ದಿಲ್ಲ. ಆದ್ರೆ ಮುಖದ ಮಾತು ನಂಗೆ ನೋವಾಯ್ತು. ಫೋಟೋ ಕೊಟ್ಟು, ಇಂಗೇ ಬೇಕು ಅಂದೋರು ಇವ್ರೇ. ಕೈಗೆ ಫೋಟೋ ಕೊಡ್ಲಿಲ್ಲ. ಅದುಕ್ಕೆ ಈಯಮ್ಮನ್ನ ಕೂರಿಸ್ಕೊಂಡು ನೋಡಿ ಮಾಡ್ದೆ.”

ಅವರು ಬೆರಳು ತೋರಿದ್ದು ಚಿಕ್ಕಮ್ಮನ ಕಡೆಗೆ.

ನಾನು ಚಿಕ್ಕಮ್ಮನನ್ನು ನೋಡಿದೆ. ಅವರು ತಟಕ್ಕನೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ನಂಗ್ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?”

“ಏನಂತ ಹೇಳ್ಲಿ? ಬುದ್ಧಂಗೆ ನನ್ ಕೈಯಿ ಅಂದ್ರೆ ಜನ ನಗಾಕಿಲ್ವಾ? ಒರಟು ಕೈಯಿ.”

ಯಾರೂ ನಗಲಿಲ್ಲ. ಅಂಗನವಾಡಿ ಟೀಚರು ಶಿಲ್ಪಿಯಿಂದ ಪತ್ರಿಕೆ ಇಸಿದುಕೊಂಡು, ಕೈಗಳ ಬಗ್ಗೆ ಇದ್ದ ಪುಟವನ್ನು ಮತ್ತೊಮ್ಮೆ ಜೋರಾಗಿ ಓದಿದರು. ಚಿಕ್ಕಮ್ಮ ತಲೆ ಎತ್ತದೆ ಕೇಳಿಸಿಕೊಂಡರು. ಓದಿ ಮುಗಿದ ಮೇಲೆ, “ಅಂಗಡ್ಯಾಗೆ ಸಿಕ್ಕಿದ್ದು ಅದೊಂದೇ ಫೋಟೋ ಕಣಮ್ಮ. ಬುದ್ಧ ಅಂದ್ರೆ ಇಂಗೇ ಇರ್ಬೇಕು ಅಂತ ಅಂದ್ಕಂಡ್ವಿ” ಎಂದರು, ನನಗಿಂತ ಹೆಚ್ಚಾಗಿ ಅಧ್ಯಕ್ಷರಿಗೆ ಹೇಳುವಂತೆ.

ಪ್ರತಿಮೆಯನ್ನು ಬದಲಾಯಿಸಿ ಎಂದು ನಾನು ಕೇಳಲಿಲ್ಲ. ಅದು ವಿಮರ್ಶಕರ ಕೆಲಸವಲ್ಲ. ನೋಡುವುದು, ಕಂಡದ್ದಕ್ಕೆ ಕಾರಣ ಹೇಳುವುದು, ಎದುರು ಮಾತಿಗೆ ಜಾಗ ಕೊಡುವುದು, ಇಷ್ಟು ನಮ್ಮ ಕೆಲಸ. ಹಾಗಾಗಿ ಶಿಲ್ಪಿಗೆ, “ನಿಮ್ಮ ಉತ್ತರ ಹೇಳಿ, ನೀವು ಹೇಳಿದ ಹಾಗೇ ಹಾಕ್ತೀವಿ” ಎಂದೆ. ಅವರು ಅಲ್ಲೇ ಕಂಬಕ್ಕೆ ಒರಗಿ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮುಖದ ವಿಷಯದಲ್ಲಿ ನನ್ನ ಮಾತನ್ನು ಅರ್ಧ ಒಪ್ಪಿದರು. ಬಣ್ಣದ ವಿಷಯದಲ್ಲಿ ಒಪ್ಪಲೇ ಇಲ್ಲ. ಬರೀ ಸಿಮೆಂಟು ಬಿಟ್ಟರೆ ಮಳೆಗೆ ಪಾಚಿ ಕಟ್ಟುತ್ತದೆ, ಮೇಡಂ ಶಾಲೆಯ ಗೋಡೆ ನೋಡಿಕೊಳ್ಳಲಿ ಎಂದು ಬರೆಸಿದರು. ಅದರ ಕೆಳಗೆ ನನ್ನ ಮಾತನ್ನೂ ಸೇರಿಸಿದೆ: ಬಣ್ಣ ಇರಲಿ, ಹೊಳಪು ಬೇಡ.

ಆ ಉತ್ತರ ಅಚ್ಚಾದ ಸಂಚಿಕೆಗೆ ಬಂದಷ್ಟು ಪತ್ರಗಳು ನಮಗೆ ಹಿಂದೆಂದೂ ಬಂದಿರಲಿಲ್ಲ. ದೊಡ್ಡೇರಿಯ ಕಡೆಯ ಮೇಷ್ಟ್ರೊಬ್ಬರು ತಮ್ಮೂರ ಶಾಲೆಯ ಗೋಡೆಚಿತ್ರ ನೋಡಲು ಕರೆದರು. ಸಿರಾದ ಸೈನ್‌ಬೋರ್ಡ್ ಕಲಾವಿದರೊಬ್ಬರು, ನಾನು ಹೇಳುವುದು ತಪ್ಪು, ಹೊಳಪಿಲ್ಲದ ಚಿನ್ನ ಚಿನ್ನವೇ ಅಲ್ಲ ಎಂದು ಎರಡು ಪುಟ ಬರೆದರು. ಸಂಪಾದಕರು ಅದನ್ನು ಒಂದು ಪದವನ್ನೂ ಹೊಡೆಯದೆ ಅಚ್ಚು ಮಾಡಿದರು. ಅಲ್ಲಿಂದ ಮುಂದೆ ಗ್ಯಾಲರಿಗಳ ಜೊತೆಗೆ ನಮ್ಮ ತಾಲ್ಲೂಕುಗಳ ಕೆಲಸವೂ ಪ್ರತಿ ಸಂಚಿಕೆಯಲ್ಲಿ ಇರುತ್ತದೆ. ಎರಡಕ್ಕೂ ಒಂದೇ ಅಳತೆ.

ಮಾರನೇ ವರ್ಷ ಶಿಲ್ಪಿ ಪಾವಗಡದ ಹತ್ತಿರ ಇನ್ನೊಂದು ಬುದ್ಧನನ್ನು ಮಾಡಿ ನನ್ನನ್ನು ಕರೆದರು. ಬಸ್ಸಿಳಿದು ಹೋಗಿ ನೋಡಿದೆ. ಅಗಲ ಮೂಗು, ದಪ್ಪ ತುಟಿ, ನಮ್ಮ ಸುತ್ತಲಿನ ಮುಖ. ಮಾಸಲು ಕೆಂಪು ಬಣ್ಣ. ಮುಖದಲ್ಲಿ ಅವರು ಗೆದ್ದಿದ್ದರು, ಅದನ್ನು ಮನಸಾರೆ ಬರೆದೆ. ಆದರೆ ಅಂಥ ತಲೆಯನ್ನು ಹೊರುವಷ್ಟು ಭುಜ ಇರಲಿಲ್ಲ, ಕುತ್ತಿಗೆ ಕುಸಿದಂತೆ ಕಾಣುತ್ತಿತ್ತು. ಅದನ್ನೂ ಬರೆದೆ.

ಸಂಚಿಕೆ ತಲುಪಿದ ದಿನ ಅವರ ಫೋನು ಬಂತು.

“ಭುಜ ಹೋಯ್ತು ಅಂತ ನಂಗೂ ಅನುಮಾನ ಇತ್ತು ಮೇಡಂ. ಮೀರು ವಿಡಿಚಿಪೆಟ್ಟರು, ನೀವು ಬಿಡೋರಲ್ಲ, ಗೊತ್ತು. ಮುಂದಿನ ಮೂರ್ತಿಗೆ ಕಂಬಿ ಬಿಗಿಯೋವಾಗ್ಲೇ ಬನ್ನಿ. ಸಿಮೆಂಟು ಆದ್ಮೇಲೆ ಬಂದು ಹೇಳಿದ್ರೆ ನಾನೇನು ಮಾಡ್ಲಿ?”

“ಮಾಡೋವಾಗ ಬಂದ್ರೆ ಆಮೇಲೆ ವಿಮರ್ಶೆ ಬರೆಯೋಕಾಗಲ್ಲ” ಎಂದೆ.

“ಅಂಗಾದ್ರೆ ಬೇಡ, ಆಮೇಲೇ ಬನ್ನಿ” ಎಂದು ಫೋನಿಟ್ಟರು.