ಮುಚ್ಚಳ ಹಾಕಿದ ಕ್ಯಾಮೆರಾದಲ್ಲಿ ಕಂಡ ಕೈ

ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಫೋಟೋ ತೆಗೆದವನು ಆ ಫೋಟೋದ ಕ್ಷಣವನ್ನು ಮಾತ್ರ ನೋಡಿರುವುದಿಲ್ಲ. ಅದಕ್ಕೆ ಮುಂಚಿನದನ್ನು ನೋಡಿರುತ್ತಾನೆ, ಆಮೇಲಿನದನ್ನು ನೋಡಿರುತ್ತಾನೆ. ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಟಪ್ಪನೆ ಮೇಲೇಳುತ್ತದೆ. ಫಿಲ್ಮಿಗೆ ಬೆಳಕು, ಕಣ್ಣಿಗೆ ಕತ್ತಲು. ಇದನ್ನು ನನಗೆ ಹೇಳಿದವನು ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳೆಯ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಹೇಳಿದ. ಅಥವಾ ತಿಲಕ್ ನಗರದ ಅವನ ಮನೆಯ ಮೆಟ್ಟಿಲ ಮೇಲೋ. ಜಾಗ ಖಾತ್ರಿಯಿಲ್ಲ.

“ನಿನ್ ಹತ್ರ ಅಷ್ಟೊಂದ್ ಫೋಟೋ ಇದ್ಯಲ್ಲ ಮಗಾ, ಅದ್ರಲ್ಲಿ ಒಂದನ್ನೂ ನೀನ್ ನೋಡಿಲ್ಲ. ನಿನ್ ಕ್ಯಾಮೆರಾ ನೋಡಿರೋದು.”

“ನೀನ್ ಮಾತ್ರ ನೋಡಿದೀಯ?”

“ನಾನ್ ನೋಡ್ತೀನಿ ಗುರು. ಫೋಟೋ ಬರತ್ತೋ ಇಲ್ವೋ, ಅದು ಬೇರೆ ವಿಷ್ಯ.”

ಅವನದು ರೇಂಜ್‌ಫೈಂಡರ್. ಅದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಲೆನ್ಸಿನ ಮೇಲೆ, ಎಡಗಡೆ ಮೂಲೆಯಲ್ಲಿ, ಒಂದು ಪುಟ್ಟ ಕಿಟಕಿ ಇರುತ್ತದೆ. ನಡುವೆ ಮಸುಕಾದ ಚೌಕದಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ, ಎರಡೂ ಕೂಡುವ ತನಕ ಲೆನ್ಸ್ ತಿರುಗಿಸಬೇಕು. ಫೋಟೋದಲ್ಲಿ ಬರುವಷ್ಟು ಜಾಗಕ್ಕೆ ಬೆಳ್ಳಗಿನ ಗೆರೆಗಳು ಎಲ್ಲೆ ಕಟ್ಟಿರುತ್ತವೆ. ಗೆರೆಯ ಆಚೆಯೂ ಕಾಣುತ್ತದೆ. ಯಾರು ಒಳಗೆ ಬರಲಿದ್ದಾರೆ, ಯಾರು ಎದ್ದು ಹೋಗುತ್ತಿದ್ದಾರೆ ಎಲ್ಲ ತಿಳಿಯುತ್ತದೆ. ಗುಂಡಿ ಒತ್ತಿದಾಗಲೂ ಕತ್ತಲಾಗುವುದಿಲ್ಲ. ಅದನ್ನು ಹಿಡಿದವರು ಮತ್ತೆ ಬೇರೆಯದನ್ನು ಮುಟ್ಟುವುದಿಲ್ಲ ಎನ್ನುವುದಕ್ಕೆ ಇಷ್ಟೇ ಕಾರಣ.

ಒಂದು ತೊಂದರೆ ಇದೆ. ಎಸ್‌ಎಲ್‌ಆರ್‌ಗೆ ಮುಚ್ಚಳ ಹಾಕಿ ಕಣ್ಣಿಟ್ಟರೆ ಏನೂ ಕಾಣುವುದಿಲ್ಲ, ತಪ್ಪು ತಕ್ಷಣ ಗೊತ್ತಾಗುತ್ತದೆ. ರೇಂಜ್‌ಫೈಂಡರಿನಲ್ಲಿ ಮುಚ್ಚಳ ಇದ್ದರೂ ಕಿಟಕಿಯಲ್ಲಿ ಲೋಕವೆಲ್ಲ ಸ್ವಚ್ಛವಾಗಿ ಕಾಣುತ್ತದೆ. ಈ ಕ್ಯಾಮೆರಾದವರೆಲ್ಲ ಒಮ್ಮೆಯಾದರೂ ಮುಚ್ಚಳ ತೆಗೆಯದೆ ಫೋಟೋ ತೆಗೆದಿರುತ್ತಾರೆ. ನಾನು ತೆಗೆದದ್ದು ಸಾರಕ್ಕಿಯಲ್ಲಿ, ನಮ್ಮ ಮನೆಯ ಗೃಹಪ್ರವೇಶದ ಬೆಳಿಗ್ಗೆ.

ಆ ಜಾಗ ತಾತನದು. ಹೊಲವೆಲ್ಲ ಲೇಔಟಾದ ಮೇಲೆ ಉಳಿದ ಹಳೆಯ ಮನೆಯ ನಿವೇಶನವನ್ನು ಅವರು ಕಿರಿಯ ಮಗಳಾದ ನನ್ನ ಅಮ್ಮನಿಗೆ ಬರೆದುಕೊಟ್ಟರು. ಕತ್ರಿಗುಪ್ಪೆಗೆ ಮದುವೆಯಾಗಿ ಹೋಗಿದ್ದ ದೊಡ್ಡಮ್ಮನಿಗೆ ಜಾಗ ಬೇಕಾಗಿರಲಿಲ್ಲ. ತಮ್ಮನ್ನು ಒಂದು ಮಾತು ಕೇಳಲಿಲ್ಲವೆಂಬುದು ಅವರ ದುಃಖ. ಸಾರಕ್ಕಿಯಿಂದ ಕತ್ರಿಗುಪ್ಪೆಗೆ ಆಟೋದಲ್ಲಿ ಅರ್ಧ ಗಂಟೆಯೂ ಬೇಡ. ಅಕ್ಕತಂಗಿಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾತಾಡಲಿಲ್ಲ. ನಾನು ದೊಡ್ಡಮ್ಮನನ್ನು ನೋಡುತ್ತಿದ್ದದ್ದು ಯಾರದೋ ಮದುವೆ ಛತ್ರದಲ್ಲಿ, ದೂರದ ಸಾಲಿನಲ್ಲಿ.

ಗೃಹಪ್ರವೇಶಕ್ಕೆ ಅವರು ಬಂದರು. ನಾನು ಗೆಳೆಯನ ಕ್ಯಾಮೆರಾ ಇಸಿದುಕೊಂಡು ನಡುಮನೆಯಲ್ಲಿ ನಿಂತಿದ್ದೆ, ಅವನೂ ಪಕ್ಕದಲ್ಲಿದ್ದ. ಅಮ್ಮ ಎಲ್ಲರೆದುರು ಹೋಗಿ ಅಕ್ಕನ ಕಾಲಿಗೆ ಬಿದ್ದಳು. ನಾನು ಗುಂಡಿ ಒತ್ತಿದೆ. ಅಮ್ಮ ತಲೆ ಎತ್ತುವಷ್ಟರಲ್ಲಿ ದೊಡ್ಡಮ್ಮ ಬಾಗಿಲ ಕಡೆ ತಿರುಗಿದ್ದರು. ಊಟಕ್ಕೆ ನಿಲ್ಲಲಿಲ್ಲ. ಅಮ್ಮ ಇನ್ನೂ ಏಳುತ್ತಿರುವಾಗಲೇ ಗೆಳೆಯ ನನ್ನ ಕಿವಿಯ ಹತ್ತಿರ ಬಂದು, “ಮಗಾ, ಮುಚ್ಚಳ” ಎಂದ. ತೊಳೆದು ತಂದ ಫಿಲ್ಮಿನಲ್ಲಿ ಅಲ್ಲಿಯವರೆಗಿನದೆಲ್ಲ ನೀರಿನ ಹಾಗೆ ಖಾಲಿ. ದೊಡ್ಡಮ್ಮ ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಇದೆಲ್ಲ ಮುಗಿದ ಮಾತು ಎಂದುಕೊಂಡಿದ್ದೆ. ಹೋದ ತಿಂಗಳು ನಾನು ಸಾರಕ್ಕಿಯಲ್ಲಿದ್ದಾಗ ದೊಡ್ಡಮ್ಮನ ಮಗಳು ಅಮ್ಮನ ಮನೆಗೆ ಬಂದು, ತನ್ನ ಮಗಳ ಮದುವೆಗೆ ಅಮ್ಮನೇ ಮುಂದೆ ನಿಂತು ಅರಿಶಿನ ಹಚ್ಚಬೇಕೆಂದು ಕೇಳಿದಳು. ದೊಡ್ಡಮ್ಮ ಇದ್ದಿದ್ದರೆ ಹುಡುಗಿಯ ಅಜ್ಜಿಯಾಗಿ ಅವರೇ ಮಾಡುತ್ತಿದ್ದ ಶಾಸ್ತ್ರ ಅದು. ಅಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ದೊಡ್ಡಮ್ಮನ ಮಗಳು ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದಳು.

“ನಾನ್ ಬಗ್ಗಿದ್ದೆ, ನಂಗ್ ಕಾಣ್ಲಿಲ್ಲ. ನೀನ್ ಎದುರಿಗೇ ಇದ್ದೆ. ನಮ್ಮಕ್ಕ ನನ್ ತಲೆ ಮೇಲೆ ಕೈ ಇಟ್ಲಾ, ಇಲ್ವಾ?”

“ಈಗ ಯಾಕಮ್ಮ ಅದೆಲ್ಲ?”

“ಅವಳು ಹರಸ್ದೆ ಹೋಗಿದ್ರೆ, ಅವಳ ಜಾಗದಲ್ಲಿ ನಿಂತ್ಕೊಳ್ಳೋಕೆ ನಾನ್ಯಾರು? ನೋಡಿದ್ರೆ ನೋಡ್ದೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಸುಮ್ನೆ ನನ್ ಸಮಾಧಾನಕ್ಕೆ ಏನೂ ಹೇಳ್ಬೇಡ.”

ನೋಡಿದ್ದೇನೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನನ್ನ ನೆನಪಿನಲ್ಲಿ ಅದು ಸ್ಪಷ್ಟವಾಗಿದೆ: ದೊಡ್ಡಮ್ಮ ಎಡಗಡೆ, ಬೆಳ್ಳಗಿನ ಗೆರೆಯ ಆಚೆ ನಿಂತಿದ್ದಾರೆ, ಒಂದು ಕೈ ಗೆರೆಯನ್ನು ದಾಟಿ ಒಳಗೆ ಬರುತ್ತದೆ, ಮೇಲೇಳುತ್ತದೆ, ಅಮ್ಮನ ತಲೆಯ ಮೇಲೆ ಅಕ್ಷತೆ ಬೀಳುತ್ತದೆ. ಆದರೆ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಃಶಾಸ್ತ್ರ ಓದಿದವನಿಗೆ ಸ್ಪಷ್ಟವಾದ ನೆನಪೆಂದರೇ ಗುಮಾನಿ. ಪ್ರತಿ ಸಲ ನೆನೆದಾಗಲೂ ಅದನ್ನು ಹೊಸದಾಗಿ ಕಟ್ಟುತ್ತೇವೆ, ಬೇಕಾದದ್ದನ್ನು ಸೇರಿಸುತ್ತೇವೆ. ನನಗೆ ಬೇಕಾಗಿತ್ತು. ಸ್ವಲ್ಪ ದಿನ ಕೊಡು ಎಂದೆ. ಅಮ್ಮ, “ನೆನಪು ಮಾಡ್ಕೊಳ್ಳೋಕೂ ರಜೆ ಹಾಕ್ಬೇಕೇನೋ” ಎಂದಳು.

ಆಮೇಲಿನ ದಿನಗಳಲ್ಲಿ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಮುಚ್ಚಳ ತೆಗೆದ ಮೇಲಿನ ಮೊದಲ ಫೋಟೋ ಉಳಿದಿತ್ತು. ಅದರಲ್ಲಿ ಅಮ್ಮ ಏಳುತ್ತಿದ್ದಾಳೆ, ಕೂದಲಲ್ಲಿ ಬಿಳಿಯ ಚುಕ್ಕೆಗಳಿವೆ. ದೊಡ್ಡದು ಮಾಡಿಸಿದೆ, ಇನ್ನೂ ದೊಡ್ಡದು ಮಾಡಿಸಿದೆ. ಅಕ್ಕಿಕಾಳೋ, ಮಲ್ಲಿಗೆ ಮೊಗ್ಗೋ, ಫಿಲ್ಮಿನ ಮೇಲೆ ಕೂತ ದೂಳೋ ಹೇಳುವ ಹಾಗಿರಲಿಲ್ಲ. ಅಕ್ಕಿಯೇ ಆದರೂ ಬೆಳಗಿನಿಂದ ಎಲ್ಲರೂ ಅಕ್ಷತೆ ಹಾಕಿದ್ದರು. ಗೆಳೆಯನಿಗೆ ಫೋನು ಮಾಡಿದೆ. “ನಾನ್ ಮುಚ್ಚಳ ನೋಡ್ತಿದ್ದೆ ಮಗಾ, ನಿಮ್ ದೊಡ್ಡಮ್ಮನ್ನ ಅಲ್ಲ” ಎಂದ. ಕೊನೆಗೆ ಅದೇ ಕ್ಯಾಮೆರಾವನ್ನು ಮತ್ತೆ ಇಸಿದುಕೊಂಡು ಬಂದೆ.

ಬಿಟಿಎಂ ಲೇಔಟಿನ ನಮ್ಮ ಫ್ಲಾಟಿನ ಹಾಲಿನಲ್ಲಿ, ಅಂದಿನಷ್ಟೇ ದೂರದಲ್ಲಿ, ನನ್ನ ಹೆಂಡತಿಯನ್ನು ಎಡಕ್ಕೆ ನಿಲ್ಲಿಸಿದೆ. ಅವಳ ಮುಂದೆ ಬಲಕ್ಕೆ ಒಂದು ಸ್ಟೂಲು, ಅದರ ಮೇಲೆ ಕುಕ್ಕರು.

“ಇದೇನು?”

“ಅಮ್ಮನ ತಲೆ.”

“ಅತ್ತೆ ತಲೆ ಅಂತ ಕುಕ್ಕರ್ ಇಟ್ಟಿದೀರಾ? ಇರಿ, ಹೇಳ್ತೀನಿ ಅವರಿಗೆ.”

ಕಿಟಕಿಯಲ್ಲಿ ಕಣ್ಣಿಟ್ಟೆ. ಕುಕ್ಕರು ಇರಲಿಲ್ಲ. ರೇಂಜ್‌ಫೈಂಡರಿನ ಲೆನ್ಸು ಕಿಟಕಿಗೆ ಅಡ್ಡ ಬಂದು ಕೆಳಗಿನ ಬಲಮೂಲೆಯನ್ನು ತಿಂದುಹಾಕುತ್ತದೆ. ಮುಚ್ಚಳವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಬಗ್ಗಿದ ಅಮ್ಮನ ತಲೆ ಇದ್ದದ್ದು ಸರಿಯಾಗಿ ಆ ಮೂಲೆಯಲ್ಲಿ. ಅಕ್ಷತೆ ಬಿದ್ದದ್ದನ್ನು ನಾನು ನೋಡಿರಲು ಸಾಧ್ಯವೇ ಇರಲಿಲ್ಲ. ಇಷ್ಟು ವರ್ಷ ಕಣ್ಣಾರೆ ಕಂಡಂತೆ ಇಟ್ಟುಕೊಂಡಿದ್ದ ಬಿಳಿಯ ಕಾಳುಗಳನ್ನು ನಾನೇ ಉದುರಿಸಿದ್ದೆ.

“ಕೈ ಎತ್ತು, ಹರಸೋ ಹಾಗೆ” ಎಂದೆ. ಅವಳು ಬಲಗೈ ಎತ್ತಿದಳು. ಅದು ಕಂಡಿತು. ಆದರೆ ನನ್ನ ನೆನಪಿನ ಕೈ ಅದಲ್ಲ. ಅಂದು ನನ್ನ ಕಡೆಗಿದ್ದ ಕೈ ಸುಮ್ಮನೆ ಇಳಿಬಿದ್ದಿತ್ತು. ಮೇಲೆದ್ದದ್ದು ಆಚೆ ಬದಿಯದು.

“ಇನ್ನೊಂದು ಕೈ. ಎಡಗೈ.”

“ಯಾರ್ರೀ ಎಡಗೈಲಿ ಹರಸ್ತಾರೆ?” ಎಂದು ಅವಳು ಕುಕ್ಕರನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನಿಜ, ಯಾರೂ ಹರಸುವುದಿಲ್ಲ. ಅಕ್ಷತೆ ಸುಳ್ಳು, ಕೈಯೂ ತಪ್ಪು ಕೈ. ಗೊತ್ತಿಲ್ಲ ಎಂದು ಹೇಳಿಬಿಡುವುದೇ ಸರಿ ಎಂದುಕೊಂಡು ಭಾನುವಾರ ಸಾರಕ್ಕಿಗೆ ಹೋದೆ. ಅಮ್ಮ ಮೊರದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಲೆನ್ಸು, ಮೂಲೆ, ಕುಕ್ಕರು ಎಲ್ಲವನ್ನೂ ಹೇಳಿದೆ.

“ಅಂದ್ರೆ ನೋಡ್ಲಿಲ್ಲ ಅಂತೀಯ.”

“ಅಕ್ಷತೆ ಬಿದ್ದದ್ದು ನೋಡಿರೋಕೆ ಆಗಲ್ಲಮ್ಮ. ಕೈ ಎತ್ತಿದ ಹಾಗೆ ನೆನಪು. ಅದೂ ಸರಿಯಿಲ್ಲ. ಎಡಗೈ ಎತ್ತಿದ್ರು ಅಂತ ನೆನಪಲ್ಲಿದೆ. ಅದಕ್ಕೇ ನಂಬಬೇಡ ಅಂತಿರೋದು.”

ಅಮ್ಮನ ಕೈ ನಿಂತಿತು.

“ಯಾವ ಕೈ ಅಂದೆ?”

“ಎಡಗೈ.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದಳು. ಆಮೇಲೆ ನಿಧಾನಕ್ಕೆ ಹೇಳಿದಳು. ಅಕ್ಕ ಹುಟ್ಟಾ ಎಡಚಿ. ಎಡಗೈಲಿ ತುತ್ತು ಎತ್ತಿದಾಗಲೆಲ್ಲ ತಾತ ಆ ಕೈಗೆ ಹೊಡೆದೂ ಹೊಡೆದೂ ಬಲಗೈ ರೂಢಿ ಮಾಡಿಸಿದ್ದರು. ಮದುವೆಯ ಹೊತ್ತಿಗೆ ಯಾರಿಗೂ ಗೊತ್ತಾಗದಷ್ಟು ಅಭ್ಯಾಸವಾಗಿತ್ತು. “ಆದ್ರೆ ಗಾಬರಿ ಆದ್ರೆ, ಅಳು ಬಂದ್ರೆ, ಮೊದಲು ಬರ್ತಿದ್ದದ್ದು ಅದೇ ಕೈ. ನಾನ್ ಬಿದ್ರೆ ಎತ್ಕೊಳ್ಳೋಕೂ ಅದೇ.”

“ಇದನ್ನ ನಂಗ್ ಮುಂಚೆ ಯಾವತ್ತಾದ್ರೂ ಹೇಳಿದ್ಯಾ?”

“ಯಾಕ್ ಹೇಳ್ಲಿ? ಅವಳಿಗೆ ನಾಚಿಕೆ ಆಗ್ತಿತ್ತು.”

“ಚಿಕ್ಕವನಿದ್ದಾಗ ಏನಾದ್ರೂ ನನ್ ಕಿವಿಗೆ ಬಿದ್ದಿರಬೋದು. ಅದನ್ನೇ ಈಗ ಸೇರಿಸ್ಕೊಂಡು—”

“ಬಿದ್ದಿರಬೋದು.”

“ಅಥವಾ ಸೆರಗು ಸರಿ ಮಾಡ್ಕೊಳ್ಳೋಕೆ ಎತ್ತಿದ್ರೋ ಏನೋ. ನೀನ್ ನಂಬ್ಕೊಂಡು ಕೂರಬೇಡ.”

“ಹೊಡೆಯೋಕೆ ಎತ್ತಿದ್ರೂ ಎತ್ತಿರ್ತಾಳೆ, ನಮ್ಮಕ್ಕ ಅಲ್ವಾ,” ಎಂದು ಅಮ್ಮ ಮೊರವನ್ನು ನನ್ನ ತೊಡೆಯ ಮೇಲಿಟ್ಟು ಎದ್ದಳು. “ನೀನ್ ನಂಬಬೇಡ. ನಿನ್ನನ್ಯಾರು ನಂಬು ಅಂದ್ರು? ಆ ಸೊಪ್ಪು ಬಿಡ್ಸು.” ಒಳಗೆ ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಯಾವ ಸೀರೆ ಉಡಲಿ ಎಂದು ಅಲ್ಲಿಂದಲೇ ಕೇಳಿದಳು.

ನಾನು ಇನ್ನೂ ನಂಬಿಲ್ಲ. ನಂಬದೆ ಇರಲೂ ಆಗುತ್ತಿಲ್ಲ. ಅರ್ಧ ಸುಳ್ಳೆಂದು ನಾನೇ ಸಾಬೀತು ಮಾಡಿದ ನೆನಪಿನ ಇನ್ನರ್ಧ ಅಮ್ಮನಿಗೆ ಸಾಕಾಯಿತು.

ಕತ್ರಿಗುಪ್ಪೆಗೆ ಗೆಳೆಯನ ಕ್ಯಾಮೆರಾವನ್ನೇ ಒಯ್ದೆ. ಮದುವೆ ಹುಡುಗಿ ಮಣೆಯ ಮೇಲೆ ಕೂತಿದ್ದಳು, ಸುತ್ತ ನೆಂಟರು. ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಗ್ಗುವ ಮೊದಲು ತಿರುಗಿ ಎಲ್ಲರೆದುರು ಕೇಳಿದಳು, “ಮುಚ್ಚಳ ತೆಗ್ದಿದೀಯೇನಪ್ಪ?”

ಅಂಗೈ ಬಿಚ್ಚಿ ಮುಚ್ಚಳ ತೋರಿಸಿದೆ. ಅಮ್ಮ ಬಗ್ಗಿದಳು. ಈ ಸಲ ನಾನು ಅವಳು ಆ ಮೂಲೆಗೆ ಸಿಗದ ಹಾಗೆ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತೆ.