ಪರದೆಯ ಮೇಲೆ ಹುಲಿಗೆಮ್ಮನ ದನಿ

ಕೊರೊನಾ ಮುಗಿದು ಸಭಾಂಗಣಗಳ ಬೀಗ ತೆಗೆದು ಎರಡು ವರ್ಷವಾಗಿತ್ತು. ನಾನು ಬಳ್ಳಾರಿಯ ಒಂದು ಕಾಲೇಜಿನ ಆಡಿಯೊ-ವಿಷುವಲ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ನನ್ನ ಆಜ್ಞೆಗಳನ್ನು ನಾನೇ ವಿನಯಪೂರ್ವಕವಾಗಿ ಪಾಲಿಸುತ್ತಿದ್ದೆ. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಹಾರ್ಮೋನಿಯಂ ಮಾಸ್ತರು ಹುಸೇನಸಾಬರು ಕುರುಗೋಡಿನ ಹುಲಿಗೆಮ್ಮನವರನ್ನು ನನ್ನ ಕೋಣೆಗೆ ಕರೆತಂದರು.

ಹುಲಿಗೆಮ್ಮ ನಾಟಕ ಕಂಪನಿಗಳಲ್ಲಿ ಆಯುಷ್ಯ ಸವೆಸಿದ ನಟಿ. ಸಿರುಗುಪ್ಪದಲ್ಲಿ ಅವರಿಗೊಂದು ಸನ್ಮಾನ ನಿಗದಿಯಾಗಿತ್ತು. ಅದಾದ ವಾರದಲ್ಲೇ ಆಪರೇಷನ್ನೂ ನಿಗದಿಯಾಗಿತ್ತು. ಗಂಟಲಿನ ಕ್ಯಾನ್ಸರು; ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು.

“ನನ್ನ ಮಗಳು ಮಂಜುಳಾಗ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ರಿ ಸರ. ನಾ ಹಾಡಿದ್ದು ಒಮ್ಮಿನೂ ಕೇಳಿಲ್ಲ ಆಕಿ. ಕಂಪ್ಯೂಟರ್‌ದಾಗ ಹಾಡು ಕಣ್ಣಿಗಿ ಕಾಣ್ತೈತಂತಲ್ರಿ? ದನಿ ಇರೋದ್ರಾಗ ಒಂದ್ಸಲ ಆಕಿಗಿ ತೋರಿಸಿಬಿಡ್ರಿ.”

“ನನಗೂ ಒಂದು ಕುರ್ಚಿ ಹಾಕ್ರಿ ಸರ,” ಎಂದರು ಹುಸೇನಸಾಬರು. “ಈಕಿ ಹಾಡು ಕೇಳಿ ಕೇಳಿ ನನ್ನ ಕಿವೀನೂ ಹೋಗ್ಯಾವು.”

“ಸುಮ್ನಿರು ಮಾಸ್ತರ. ನಿನ್ನ ಪೆಟ್ಟಿಗಿ ಸುರಾ ಹಿಡಿದ ದಿವ್ಸ ಕಿವಿ ಸುದ್ದಿ ಎತ್ತುವಂತಿ.”

ಮ್ಯೂಸಿಕ್ ವಿಷುವಲೈಸರ್ ಎಂಬ ಸಾಫ್ಟ್‌ವೇರ್ ಧ್ವನಿಯ ಏರಿಳಿತವನ್ನು ಪರದೆಯ ಮೇಲೆ ಅಲೆಗಳಾಗಿ ಕುಣಿಸುತ್ತದೆ. ಒಂದೇ ಬಗೆಯ ಅಲೆ ನೋಡಿದರೆ ಜನ ಆಕಳಿಸುತ್ತಾರೆ. ಆದ್ದರಿಂದ ಯಾವ ಕ್ಷಣಕ್ಕೆ ಯಾವ ಬಣ್ಣ, ಯಾವ ಆಕಾರ ಎಂದು ಹಾಡಿನ ಕಾಲಪಟ್ಟಿಯಾದ ಟೈಮ್‌ಲೈನ್‌ನಲ್ಲಿ ಮೊದಲೇ ಗುರುತು ಹಾಕಿಟ್ಟರೆ, ಮುಂದೆ ಎಲ್ಲವೂ ತಾನಾಗಿ ಬದಲಾಗುತ್ತ ಹೋಗುತ್ತದೆ. ಪಲ್ಲವಿಗೆ ಕೆಂಪು, ಮೊದಲ ಚರಣಕ್ಕೆ ಹಸಿರು, ಎರಡನೆಯದಕ್ಕೆ ನೀಲಿ, ಕೊನೆಯ ಆಲಾಪಕ್ಕೆ ಅರಿಶಿನ ಎಂದು ಹುಲಿಗೆಮ್ಮನವರೇ ಆರಿಸಿದರು. ಪಾತ್ರಗಳಿಗೆ ಉಡುತ್ತಿದ್ದ ಸೀರೆಗಳ ಬಣ್ಣಗಳಂತೆ ಅವು.

ತೊಡಕೊಂದಿತ್ತು. ಕಂಪನಿ ಕಲಾವಿದರು ಒಂದೇ ಹಾಡನ್ನು ಎರಡು ದಿನ ಒಂದೇ ಅಳತೆಯಲ್ಲಿ ಹಾಡಿದ ದಾಖಲೆಯಿಲ್ಲ. ಮೇಲಾಗಿ ಸಭಾಂಗಣದ ಮೈಕು ಫ್ಯಾನಿನ ಗೊರಗೊರವನ್ನೂ ಭಕ್ತಿಯಿಂದ ಹಿಡಿದು ಕೊಡುತ್ತದೆ. ಇಂಥಲ್ಲಿ ನಮ್ಮ ಕಸುಬಿನ ರೂಢಿಯೆಂದರೆ ತಾಲೀಮಿನಲ್ಲೇ ಹಾಡನ್ನು ರೆಕಾರ್ಡ್ ಮಾಡಿಕೊಂಡು ಅದರಿಂದ ಚಿತ್ರ ಓಡಿಸುವುದು. ಆ ರೆಕಾರ್ಡಿಂಗ್ ಹುಸೇನಸಾಬರ ಕಿವಿಯ ಇಯರ್‌ಫೋನಿಗೆ ಮಾತ್ರ ಕೇಳುತ್ತದೆ; ಅದರಂತೆ ಅವರು ನುಡಿಸುತ್ತಾರೆ, ಅದನ್ನು ಅನುಸರಿಸಿ ಹುಲಿಗೆಮ್ಮ ಹಾಡುತ್ತಾರೆ. ಜನ ಕೇಳುವುದು ವೇದಿಕೆಯ ಹಾಡು, ನೋಡುವುದು ತಾಲೀಮಿನದು. ಹುಲಿಗೆಮ್ಮ ಇದಕ್ಕೆ ಒಪ್ಪಿದರು. ನನ್ನ ಕೋಣೆಯಲ್ಲಿ ಹಾಡನ್ನು ಕೊನೆಯವರೆಗೂ ಹಾಡಿಕೊಟ್ಟರು.

ಸನ್ಮಾನದ ಸಂಜೆ ಕಾರು ತೆಕ್ಕಲಕೋಟೆ ದಾಟುವಷ್ಟರಲ್ಲೇ ಅವರಿಗೆ ಕೆಮ್ಮು ಹತ್ತಿತ್ತು. ಸಿರುಗುಪ್ಪದ ವೇದಿಕೆಯ ಮೇಲೆ ಗಣ್ಯರು ಒಬ್ಬೊಬ್ಬರಾಗಿ ಎದ್ದು, ಎರಡೇ ಮಾತು ಎಂದು ಪ್ರಮಾಣ ಮಾಡಿ, ಶಕ್ತಿಮೀರಿ ವಚನಭ್ರಷ್ಟರಾದರು. ಅಷ್ಟು ಹೊತ್ತೂ ಹುಲಿಗೆಮ್ಮ ಶಾಲಿನ ಭಾರ ಹೊತ್ತು ಕುಳಿತಿದ್ದರು.

ಕೊನೆಗೆ ದೀಪ ಆರಿಸಿ ನಾನು ಟೈಮ್‌ಲೈನ್ ಶುರು ಮಾಡಿದೆ. ಪಲ್ಲವಿ ಚೆನ್ನಾಗಿಯೇ ಬಂತು. ಮುಂದಿನ ಸಾಲಿನಲ್ಲಿ ಕುಳಿತ ಮಂಜುಳಾ ಕೆಂಪು ಅಲೆ ಏಳುವುದನ್ನು ಬಾಯಿ ತೆರೆದು ನೋಡುತ್ತಿದ್ದಳು.

ಮೊದಲ ಚರಣದ ನಡುವೆ ದನಿ ನಿಂತಿತು. ಒಡೆಯಲಿಲ್ಲ, ಅಪಸ್ವರವಾಗಲಿಲ್ಲ; ಮೈಕಿನಲ್ಲಿ ಬರೀ ಗಾಳಿ ಬಂತು. ಪರದೆಯ ಮೇಲೆ ಮಾತ್ರ ಹಸಿರು ಅಲೆ ಮೊದಲಿಗಿಂತ ಎತ್ತರಕ್ಕೆ ಏಳುತ್ತಿತ್ತು. ಅದಕ್ಕೆ ತಾಲೀಮಿನ ಹುಲಿಗೆಮ್ಮ ಹಾಡುತ್ತಿದ್ದರಲ್ಲ. ಮಂಜುಳಾ ಪಕ್ಕದವಳನ್ನು ಮೊಣಕೈಯಿಂದ ತಿವಿದು ಅಲೆಯನ್ನು ತೋರಿಸಿದಳು.

ನನ್ನ ಬೆರಳು ಸ್ಟಾಪ್ ಗುಂಡಿಯ ಮೇಲಿತ್ತು. ಹುಲಿಗೆಮ್ಮ ನನ್ನತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು.

ಆಮೇಲೆ ಅವರು ಬರೀ ತುಟಿಯಾಡಿಸಿದರು. ಪರದೆ ಅವರ ಬೆನ್ನಿಗಿತ್ತು. ಮಗಳ ಮುಖದ ಮೇಲೆ ಬಿದ್ದ ಬೆಳಕು ನೀಲಿಗೆ ತಿರುಗಿದಾಗ ಎರಡನೆಯ ಚರಣ ಹಿಡಿದರು. ಅರಿಶಿನವಾದಾಗ ಕೈ ಮೇಲೆತ್ತಿ ಆಲಾಪಕ್ಕೆ ಬಾಯಿ ತೆರೆದರು. ಹುಸೇನಸಾಬರ ಪೆಟ್ಟಿಗೆಯೊಂದೇ ನುಡಿಯುತ್ತಿತ್ತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಪರದೆ ಕಪ್ಪಾಯಿತು. ಮಂಜುಳಾ ಎದ್ದು ನಿಂತು ಚಪ್ಪಾಳೆ ಹೊಡೆದಳು. ಏನು ಮಾಡಬೇಕೆಂದು ತೋಚದೆ ಜನರೂ ಹೊಡೆದರು. ಕಂಪನಿ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ ಬೆರಳೆತ್ತಿ ‘ಒನ್ಸ್ ಮೋರ್’ ಎಂದು ಕೂಗುವುದು ವಾಡಿಕೆ. ನಟಿ ಮತ್ತೆ ಹಾಡಲೇಬೇಕು. ಸೈಡ್‌ವಿಂಗಿನಲ್ಲಿ ಬೆಳೆದ ಆ ಮಗಳು ಆ ಬೆರಳುಗಳನ್ನು ಬೇಕಾದಷ್ಟು ನೋಡಿದ್ದಳು. ಈಗ ತಾನೂ ಒಂದು ಬೆರಳೆತ್ತಿದಳು.

ಹುಲಿಗೆಮ್ಮ ಬಾಯಿ ಒರೆಸಿಕೊಂಡರು. ಸೆರಗಿನಲ್ಲಿ ರಕ್ತ ಕಂಡಿತು. ಹುಸೇನಸಾಬರ ಕಡೆ ತಿರುಗಿ ಕೈ ಬೀಸಿದರು.

“ಮೊದಲಿಂದ ಬಿಡ್ರಿ ಸರ,” ಎಂದರು ಹುಸೇನಸಾಬರು.

ಟೈಮ್‌ಲೈನನ್ನು ಸೊನ್ನೆಗೆ ತಂದು ಮತ್ತೆ ಒತ್ತಿದೆ. ಈ ಸಲ ಅವರು ಹಾಡನ್ನು ಮೊದಲಿನಿಂದ ಕೊನೆಯವರೆಗೆ ದನಿಯಿಲ್ಲದೆ ಹಾಡಿದರು.

ಆ ವಾರವೇ ಆಪರೇಷನ್ ಆಯಿತು. ಹಾಡಿನ ನಡುವೆಯೇ ದನಿ ನಿಂತಿತ್ತೆಂಬ ನಿಜವನ್ನು ಮಂಜುಳಾಳಿಗೆ ಯಾರೂ ತಿಳಿಸಲಿಲ್ಲ. ತಿಳಿಸಬೇಡಿರೆಂದು ತಾಯಿ ಕೈಸನ್ನೆಯಲ್ಲೇ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು.

ಯಂತ್ರ ಹೇಳಿದ ಹೊತ್ತಿಗೆ ಬದಲಾಗುತ್ತದೆ, ಹಾಡುವವರು ಉಳಿದಿರಲಿ, ಬಿಡಲಿ. ಅದನ್ನು ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿರುತ್ತದೆ. ಒತ್ತುವ ಮೊದಲು ಪರದೆಯನ್ನಲ್ಲ, ಅದನ್ನು ನೋಡುತ್ತಿರುವವರ ಮುಖವನ್ನು ನೋಡಬೇಕು. ಅಷ್ಟು ವರ್ಷದ ನೌಕರಿಯಲ್ಲಿ ಇದನ್ನು ಕಲಿತದ್ದು ಆ ಒಂದು ಸಂಜೆ.